ಬ್ಲ್ಯಾಕ್ ಕ್ರಿಸ್ಮಸ್ ನೋಡುವ ಕ್ರಮ: ಒಂದು ಸ್ವಮೇಕ್, ಎರಡು ರೀಮೇಕ್, ಮೂರು ರಾತ್ರಿ

ಡಿಸೆಂಬರ್ ಶುರುವಾದರೆ ಸಾಕು, ಗೊತ್ತಿರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ‘ಅಕ್ಕಾ, ಬ್ಲ್ಯಾಕ್ ಕ್ರಿಸ್ಮಸ್‌ನ ಯಾವ ರೀಮೇಕ್ ನೋಡ್ಬೇಕು? 2006ರದ್ದಾ, 2019ರದ್ದಾ?’ ಆಫೀಸಿನಲ್ಲಿ ಕೇಳುತ್ತಾರೆ, ಬೆಳಿಗ್ಗೆ ವಾಕಿಂಗ್‌ನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೂತು ಕೇಳಿದವರೂ ಇದ್ದಾರೆ. ಹಾರರ್ ಹುಚ್ಚಿ ಅಂತ ಒಮ್ಮೆ ಹೆಸರು ಬಿದ್ದ ಮೇಲೆ ಇದೆಲ್ಲ ಮಾಮೂಲು. ನನ್ನ ಉತ್ತರವೂ ಮಾಮೂಲು. ಎರಡನ್ನೂ ನೋಡಿ, ಆದರೆ 1974ರ ಅಸಲಿ ಹಾರರ್ ಸಿನಿಮಾ ನೋಡದೆ ರೀಮೇಕ್ ಮುಟ್ಟಬೇಡಿ. ಮೂರನ್ನೂ ಒಂದೇ ರಾತ್ರಿ ಮುಗಿಸಲು ಹೋಗಬೇಡಿ. ಕೊಲೆ ಎಷ್ಟಾಯಿತು ಅಂತ ಎಣಿಸುತ್ತ ಕೂರುವ ಬದಲು ಫೋನಿನ ಮೇಲೆ ಕಣ್ಣಿಡಿ.

ಫೋನ್ ಯಾಕೆ ಅಂದರೆ, ನಮಗೆ ರೀಮೇಕ್ ಅಂದರೆ ಬೇರೆ ಭಾಷೆಯ ಕಥೆ. ಡಬ್ಬಿಂಗ್ ಬರದಿದ್ದ ಕಾಲದಲ್ಲಿ ಪಕ್ಕದ ರಾಜ್ಯದ ಕಥೆ ಕನ್ನಡದಲ್ಲಿ ಬೇಕೆಂದರೆ ರೀಮೇಕೇ ಗತಿ. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ 2004ರಲ್ಲಿ ‘ಆಪ್ತಮಿತ್ರ’ ಆಗಿ ಬಂದಾಗ, ಥಿಯೇಟರಿನಲ್ಲಿ ಕೂತಿದ್ದ ಎಷ್ಟೋ ಮಂದಿಗೆ ಅದು ಹೊಸ ಕಥೆಯೇ ಆಗಿತ್ತು. ಬ್ಲ್ಯಾಕ್ ಕ್ರಿಸ್ಮಸ್ ಹಾಗಲ್ಲ. ಮೂರೂ ಇಂಗ್ಲಿಷ್. ಮೂರರಲ್ಲೂ ಕಾಲೇಜು, ಹುಡುಗಿಯರ ಮನೆ, ಕ್ರಿಸ್ಮಸ್ ರಜೆ, ಹೊರಗೆ ಹಿಮ. ಎದ್ದು ಕಾಣುವ ಬದಲಾವಣೆ ಕಾಲದ್ದು. ಆ ಕಾಲ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಫೋನಿನಲ್ಲಿ. 1974ರಲ್ಲಿ ವೈರಿನ ಫೋನು, 2006ರಲ್ಲಿ ಬಟನ್ ಮೊಬೈಲು, 2019ರಲ್ಲಿ ಮೆಸೇಜು. ಹೆದರಿಸುವವನು ಯಾರು, ಎಲ್ಲಿಂದ ಹೆದರಿಸುತ್ತಿದ್ದಾನೆ ಅನ್ನುವ ಪ್ರಶ್ನೆಗೆ ಒಂದೊಂದು ಸಿನಿಮಾ ಒಂದೊಂದು ಉತ್ತರ ಕೊಡುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ರೀಮೇಕ್ ಯಾಕೆ ಗೆದ್ದಿತು, ಎಲ್ಲಿ ಸೋತಿತು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮುಂದೆ ಓದುವ ಮೊದಲು ಒಂದು ಮಾತು. 1974ರ ಸಿನಿಮಾದ ಗುಟ್ಟನ್ನು ನಾನು ಬಿಚ್ಚಿಡುತ್ತೇನೆ. ಐವತ್ತು ವರ್ಷ ದಾಟಿದ ಸಿನಿಮಾ ಅದು. ಗೊತ್ತಾಗಬಾರದು ಅನ್ನುವವರು ‘ಮೊದಲ ರಾತ್ರಿ’ಯ ಭಾಗಕ್ಕೆ ಮುಂಚೆಯೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ತಯಾರಿ

ಮೊದಲು ದಿನ ಗೊತ್ತು ಮಾಡಿಕೊಳ್ಳಿ. 24 ಮತ್ತು 25 ಬೇಡವೇ ಬೇಡ. ಬೆಂಗಳೂರಿನ ನಮ್ಮ ದೂರವಾಣಿನಗರ, ರಾಮಮೂರ್ತಿನಗರದ ಕಡೆ ಗಲ್ಲಿಗೊಂದು ನಕ್ಷತ್ರ ತೂಗುಹಾಕಿರುತ್ತಾರೆ. 24ರ ರಾತ್ರಿ ಅಕ್ಕಪಕ್ಕದವರು ಹೊಸ ಬಟ್ಟೆ ಹಾಕಿಕೊಂಡು ಮಿಡ್‌ನೈಟ್ ಮಾಸ್‌ಗೆ ಹೊರಟಿರುವಾಗ ನಿಮ್ಮ ಕಿಟಕಿಯಿಂದ ಹೆಂಗಸಿನ ಕಿರುಚಾಟ ಕೇಳಿಸಿದರೆ ಚೆನ್ನಾಗಿರಲ್ಲ. 25ಕ್ಕೆ ಅವರ ಮನೆಯಿಂದ ಕಲ್‌ಕಲ್, ರೋಸ್ ಕುಕ್ಕೀಸ್ ತಟ್ಟೆ ಬರುತ್ತದೆ, ಅದನ್ನು ತಿನ್ನುವ ಯೋಗ್ಯತೆ ಉಳಿಸಿಕೊಳ್ಳಬೇಕು ಅಲ್ವಾ. 20, 21, 22 ಒಳ್ಳೆಯದು. ಇಲ್ಲದಿದ್ದರೆ ಹಬ್ಬ ಕಳೆದು 27ರಿಂದ ಮೂರು ದಿನ.

ಮಕ್ಕಳನ್ನು ಕೂರಿಸಬೇಡಿ. ಮೂರರ ಪೈಕಿ ಒಂದೂ ಮಕ್ಕಳದ್ದಲ್ಲ. ಕ್ರಿಸ್ಮಸ್ ಮರದ ಪೋಸ್ಟರ್ ನೋಡಿ ‘ಸಾಂಟಾ ಸಿನಿಮಾನಾ’ ಅಂತ ಓಡಿ ಬರುತ್ತಾರೆ, ಮೊದಲೇ ಮಲಗಿಸಿಬಿಡಿ.

ಟಿವಿಯ ಸೆಟ್ಟಿಂಗ್ ನೋಡಿ. ಅಂಗಡಿಯಿಂದ ಬಂದಾಗಿನಿಂದ ಎಷ್ಟೋ ಮನೆಯ ಟಿವಿ ‘ಡೈನಮಿಕ್’ನಲ್ಲೇ ಇರುತ್ತದೆ. ಅದನ್ನು ‘ಸಿನಿಮಾ’ ಅಥವಾ ‘ಮೂವಿ’ಗೆ ಹಾಕಿ. ಚಲನೆಯನ್ನು ನುಣುಪು ಮಾಡುವ ಆಯ್ಕೆಯೊಂದು ಇರುತ್ತದೆ, ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಎಂಥ ಹಳೆಯ ಫಿಲ್ಮೂ ಸೀರಿಯಲ್ ಥರ ಕಾಣುತ್ತದೆ. ಟ್ಯೂಬ್‌ಲೈಟ್ ಆರಿಸಿ, ಟಿವಿಯ ಹಿಂದೆ ಒಂದು ಜೀರೋ ಬಲ್ಬ್ ಇಟ್ಟರೆ ಕಣ್ಣಿಗೆ ಸುಖ. ಪೂರ್ತಿ ಕತ್ತಲೆ ಬೇಕೇ ಬೇಕು ಅಂತೇನಿಲ್ಲ. ಪರದೆಯ ಮೇಲೆ ಬೀದಿ ದೀಪ ಬೀಳದಿದ್ದರೆ ಸಾಕು.

ಸೌಂಡ್ ಮುಖ್ಯ. ಚಿತ್ರಕ್ಕಿಂತ ಮುಖ್ಯ. 1974ರದ್ದು ಮೊನೊ ಸೌಂಡಿನ ಸಿನಿಮಾ. ನಿಮಗೆ ಸಿಕ್ಕ ಪ್ರತಿಯಲ್ಲಿ ಮೊನೊ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ, ಸೌಂಡ್‌ಬಾರಿನ ಸರೌಂಡ್ ಆಟಗಳನ್ನೆಲ್ಲ ನಿಲ್ಲಿಸಿ. ಎಲ್ಲ ಸದ್ದೂ ಒಂದೇ ದಿಕ್ಕಿನಿಂದ ಬಂದಾಗ, ಅದು ಗಾಳಿಯಾ, ಮನುಷ್ಯನಾ ಅಂತ ಗೊತ್ತಾಗುವುದಿಲ್ಲ. ಅಲ್ಲೇ ಇರುವುದು ಮಜಾ. ಒಬ್ಬರೇ ನೋಡುವುದಾದರೆ ಹೆಡ್‌ಫೋನ್ ಸಾಕು. ಸ್ಪೀಕರ್ ಇಲ್ಲ ಅನ್ನುವವರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದರೆ ಚೌಕಾಸಿ ಮಾಡಿ ಒಂದು ಜೋಡಿ ತರಬಹುದು.

ತಿಂಡಿಯ ವಿಷಯವೂ ಸೌಂಡಿಗೆ ಸೇರಿದ್ದೇ. ಮೊದಲ ರಾತ್ರಿ ಚಿಪ್ಸ್, ಕಾಂಗ್ರೆಸ್ ಕಡಲೆಬೀಜ, ನಿಪ್ಪಟ್ಟು ಒಂದನ್ನೂ ಇಡಬೇಡಿ. ಕುರುಂ ಕುರುಂ ಅಂತ ಅಗಿಯುವ ಸದ್ದಿನಲ್ಲಿ ಅಟ್ಟದ ಮೇಲಿನ ಹೆಜ್ಜೆ ಕೇಳಿಸುವುದಿಲ್ಲ. ಡಿಸೆಂಬರ್ ಅಂದರೆ ಅವರೆಕಾಯಿ ಕಾಲ. ಹಿತಕಿದ ಬೇಳೆಗೆ ಒಗ್ಗರಣೆ ಹಾಕಿ, ಮೇಲೆ ಕಾಯಿತುರಿ ಉದುರಿಸಿ ಬಟ್ಟಲಲ್ಲಿ ಕೊಡಿ. ಸದ್ದಿಲ್ಲದೆ ಹೊಟ್ಟೆಗೆ ಹೋಗುತ್ತದೆ. ಪ್ಲಮ್ ಕೇಕ್ ಕೂಡ ಆಗಬಹುದು, ಪ್ಲಾಸ್ಟಿಕ್ ಕವರ್ ಮೊದಲೇ ಬಿಚ್ಚಿಟ್ಟಿರಿ. ಎರಡನೇ ರಾತ್ರಿಗೆ ಬಿಸ್ಕೆಟ್ ಮಾತ್ರ ಬೇಡ. ಕಾರಣ ಅಲ್ಲಿಗೆ ಬಂದಾಗ ಹೇಳುತ್ತೇನೆ.

ಮೊದಲ ರಾತ್ರಿ: 1974

98 ನಿಮಿಷದ ಸಿನಿಮಾ. ಒಂಬತ್ತೂವರೆಗೆ ಶುರು ಮಾಡಿದರೆ ಹನ್ನೊಂದೂಕಾಲಿಗೆ ಮುಗಿಯುತ್ತದೆ. ಕೆನಡಾದ್ದು, ಟೊರಾಂಟೊದಲ್ಲಿ ಶೂಟಿಂಗ್ ಆದದ್ದು. ನಿರ್ದೇಶಕ ಬಾಬ್ ಕ್ಲಾರ್ಕ್, ಬರೆದದ್ದು ರಾಯ್ ಮೂರ್. ಅಮೆರಿಕದಲ್ಲಿ ಮೊದಲು ‘ಸೈಲೆಂಟ್ ನೈಟ್, ಈವಿಲ್ ನೈಟ್’ ಅಂತ ಹೆಸರು ಬದಲಿಸಿ ಬಿಟ್ಟಿದ್ದರು, ಹಳೆಯ ಪೋಸ್ಟರ್ ನೋಡಿ ಬೇರೆ ಸಿನಿಮಾ ಅಂದುಕೊಳ್ಳಬೇಡಿ. ಇದೇ ಕ್ಲಾರ್ಕ್ 1983ರಲ್ಲಿ ‘ಎ ಕ್ರಿಸ್ಮಸ್ ಸ್ಟೋರಿ’ ಅನ್ನುವ ಮುದ್ದಾದ ಮನೆಮಂದಿಯ ಸಿನಿಮಾ ಮಾಡಿದ. ಅಮೆರಿಕದ ಎಷ್ಟೋ ಮನೆಗಳಲ್ಲಿ ಪ್ರತಿ ಹಬ್ಬಕ್ಕೂ ಅದನ್ನು ಹಾಕಿಕೊಂಡು ನೋಡುತ್ತಾರೆ. ಅದೇ ಕೈ, ಅದೇ ಹಬ್ಬ.

ಕಥೆ ಅರ್ಥವಾಗಬೇಕಾದರೆ ಸೊರೊರಿಟಿ ಅಂದರೆ ಏನು ಅಂತ ಜೊತೆಗಿರುವವರಿಗೆ ಹೇಳಿ. ಕಾಲೇಜು ಹುಡುಗಿಯರ ಕ್ಲಬ್ಬು, ಅವರೆಲ್ಲ ಸೇರಿ ಇರುವ ಮನೆ. ನಮ್ಮ ಕೋರಮಂಗಲದ ಲೇಡೀಸ್ ಪಿಜಿ ನೆನೆಸಿಕೊಳ್ಳಿ, ಪಿಜಿ ಆಂಟಿಯ ಜಾಗದಲ್ಲಿ ಹೌಸ್ ಮದರ್ ಮಿಸೆಸ್ ಮ್ಯಾಕ್. ಈಕೆ ಕಮೋಡಿನ ಟ್ಯಾಂಕ್‌ನಲ್ಲಿ, ಪುಸ್ತಕದ ಹೊಟ್ಟೆಯಲ್ಲಿ ಬಾಟ್ಲಿ ಬಚ್ಚಿಟ್ಟುಕೊಂಡು ಕುಡಿಯುತ್ತಾಳೆ. ಜನ ನಗುತ್ತಾರೆ, ನಗಲಿ. ಸಿನಿಮಾಕ್ಕೂ ಅದೇ ಬೇಕು.

ಶುರುವಿನ ಐದು ನಿಮಿಷ ಯಾರೂ ಕಾಫಿ ತರಲು ಏಳಬಾರದು. ಮನೆಯೊಳಗೆ ಪಾರ್ಟಿ ನಡೆಯುತ್ತಿದೆ. ಹೊರಗೆ ಒಬ್ಬ ಉಸಿರು ಬಿಡುತ್ತ, ಗೋಡೆಗೆ ಹಬ್ಬಿಸಿದ ಬಳ್ಳಿಯ ಚೌಕಟ್ಟು ಹತ್ತಿ ಅಟ್ಟದ ಕಿಟಕಿಯೊಳಗೆ ಇಳಿಯುತ್ತಾನೆ. ಅವನು ಕಾಣುವುದಿಲ್ಲ. ಅವನ ಕಣ್ಣಿನಿಂದ ನಾವು ನೋಡುತ್ತೇವೆ. ನಡೆದರೂ ಚಿತ್ರ ಅಲುಗದಂತೆ ಕ್ಯಾಮೆರಾವನ್ನು ಮೈಗೆ ಕಟ್ಟಿಕೊಳ್ಳುವ ಸ್ಟೆಡಿಕ್ಯಾಮ್ ಬಳಸಿದ ಮೊದಲ ಸಿನಿಮಾ ತೆರೆಗೆ ಬಂದದ್ದು 1976ರಲ್ಲಿ. ಅದಕ್ಕೂ ಮುಂಚೆಯೇ ಇಲ್ಲಿ ಕ್ಯಾಮೆರಾ ಆಪರೇಟರ್ ಬರ್ಟ್ ಡಂಕ್ ಹೆಗಲಿಗೆ ಕ್ಯಾಮೆರಾ ಕಟ್ಟಿಕೊಂಡು ತಾನೇ ಹತ್ತಿದ. ಕೈ ಜಾರುವುದು, ಹೊಯ್ದಾಡುವುದು ಎಲ್ಲ ಅಸಲಿ. ಅವನು ಒಳಗೆ ಬಂದದ್ದನ್ನು ನಾವು ನೋಡಿದ್ದೇವೆ, ಮನೆಯವರು ನೋಡಿಲ್ಲ. ಇಷ್ಟು ಗೊತ್ತಿಟ್ಟುಕೊಳ್ಳಿ.

ಆಮೇಲೆ ಫೋನ್ ಬರುತ್ತದೆ. ಜೆಸ್ ಆಗಿರುವ ಒಲಿವಿಯಾ ಹಸ್ಸಿ ಎತ್ತುತ್ತಾಳೆ. ಉಳಿದವರು ರಿಸೀವರ್ ಸುತ್ತ ಗುಂಪಾಗುತ್ತಾರೆ. ಆ ಕಡೆಯಿಂದ ಕೊಳಕು ಮಾತು, ಅಳು, ಹಂದಿಯ ಥರದ ಗುರುಗುಟ್ಟು, ಒಂದೇ ಬಾಯಲ್ಲಿ ಗಂಡಸಿನ ದನಿ, ಹೆಂಗಸಿನ ದನಿ, ಮಗುವಿನ ದನಿ. ಈಗ ಮಾಡಬೇಕಾದ್ದು ಒಂದೇ. ಸಬ್‌ಟೈಟಲ್ ಓದಬೇಡಿ. ಆ ಮಾತುಗಳಲ್ಲಿ ಕಥೆಗೆ ಬೇಕಾದ್ದು ಸ್ವಲ್ಪವೇ. ಕ್ಯಾಮೆರಾ ಒಬ್ಬೊಬ್ಬಳ ಮುಖದ ಮೇಲೆ ನಿಧಾನಕ್ಕೆ ಹೋಗುತ್ತದೆ, ಮುಖ ನೋಡಿ. ಮೊದಲು ತಮಾಷೆ, ಆಮೇಲೆ ಅಸಹ್ಯ, ಆಮೇಲೆ ಭಯ. ಆ ದನಿಗಳನ್ನು ಕೊಟ್ಟವರಲ್ಲಿ ನಿಕ್ ಮಂಕೂಸೊ ಅನ್ನುವ ನಟನೂ ಇದ್ದಾನೆ, ಸ್ವತಃ ಕ್ಲಾರ್ಕೂ ಇದ್ದಾನೆ. ಗಂಟಲು ಬಿಗಿಯಲಿ ಅಂತ ಮಂಕೂಸೊ ತಲೆಕೆಳಗಾಗಿ ನಿಂತು ಮಾತಾಡಿದನಂತೆ. ಸಂಗೀತ ನಿರ್ದೇಶಕ ಕಾರ್ಲ್ ಝಿಟ್ಟರ್ ಪಿಯಾನೊದ ತಂತಿಗಳಿಗೆ ಫೋರ್ಕು, ಬಾಚಣಿಗೆ, ಚಾಕು ಕಟ್ಟಿ ನುಡಿಸಿದ. ಅಡುಗೆಮನೆ ಸಾಮಾನಿನಿಂದ ಹೊಟ್ಟೆ ತೊಳಸುವಂಥ ಸದ್ದು.

ಇನ್ನೊಂದು ದೃಶ್ಯಕ್ಕೆ ಮೊದಲೇ ಕಿವಿ ಕೊಟ್ಟು ಕೂರಿ. ಬಾಗಿಲಿಗೆ ಮಕ್ಕಳ ಕ್ಯಾರೋಲ್ ತಂಡ ಬರುತ್ತದೆ. ಜೆಸ್ ಬಾಗಿಲು ತೆರೆದು ನಗುತ್ತ ಹಾಡು ಕೇಳುತ್ತಾಳೆ. ಮೇಲಿನ ಕೋಣೆಯಲ್ಲಿ ಮಾರ್ಗೊ ಕಿಡರ್ ಮಾಡಿದ ಬಾರ್ಬ್ ಮಲಗಿದ್ದಾಳೆ. ಮಂಚದ ಪಕ್ಕ ಗಾಜಿನ ಗೊಂಬೆಗಳು. ಅದರಲ್ಲೊಂದು ಒಂಟಿ ಕೊಂಬಿನ ಕುದುರೆ. ಆ ಕೊಂಬೇ ಆಯುಧ. ಹಾಡು ಏರುತ್ತದೆ, ಕೈ ಏರುತ್ತದೆ, ಹಾಡು ಇಳಿಯುತ್ತದೆ, ಕೈ ಇಳಿಯುತ್ತದೆ. ರಕ್ತ ಜಾಸ್ತಿ ತೋರಿಸುವುದಿಲ್ಲ. ಕೆಳಗೆ ಜೆಸ್‌ಗೆ ಏನೂ ಕೇಳಿಸುವುದಿಲ್ಲ, ಹಾಡು ಅಷ್ಟು ಚೆನ್ನಾಗಿದೆ. ನಮ್ಮ ಬೀದಿಗೂ ಗಿಟಾರ್ ಹಿಡಿದ ಹುಡುಗರು, ಸಾಂಟಾ ವೇಷದವನು ಟೆಂಪೋದಲ್ಲಿ ಬರುತ್ತಾರಲ್ಲ, ಈ ದೃಶ್ಯ ನೋಡಿದ ಮೇಲೆ ಗೇಟಿಗೆ ಹೋಗುವಾಗ ಒಮ್ಮೆಯಾದರೂ ಹಿಂದೆ ತಿರುಗಿ ನೋಡುತ್ತೀರಿ.

ಈಗ ನನಗೆ ಬಹಳ ಇಷ್ಟದ ಭಾಗ, ಟೆಲಿಫೋನ್ ಎಕ್ಸ್‌ಚೇಂಜ್. ಎಲ್ಲರೂ ಇಲ್ಲಿ ‘ಯಾಕಿಷ್ಟು ಹೊತ್ತು ಓಡ್ತಾನೆ’ ಅಂತ ಫೋನ್ ತೆಗೆದು ನೋಡುತ್ತಾರೆ. ನೋಡಲು ಬಿಡಬೇಡಿ.

ಪೊಲೀಸರು ಜೆಸ್‌ಗೆ ಹೇಳುತ್ತಾರೆ: ಅವನನ್ನು ಮಾತಾಡಿಸುತ್ತಲೇ ಇರು, ಫೋನ್ ಇಡಬೇಡ. ಅತ್ತ ಟೆಲಿಫೋನ್ ಕಂಪನಿಯ ಗ್ರಹಾಂ ಅನ್ನುವವನು ಎತ್ತರದ ಕಬ್ಬಿಣದ ರ‍್ಯಾಕ್‌ಗಳ ನಡುವೆ ಓಡುತ್ತಾನೆ. ಸ್ವಿಚ್ ನೋಡುತ್ತಾನೆ, ಮುಂದಿನ ಸಾಲಿಗೆ ಓಡುತ್ತಾನೆ, ಮತ್ತೆ ನೋಡುತ್ತಾನೆ. ಅಷ್ಟರಲ್ಲಿ ಕಾಲ್ ಕಟ್. ಈಗಿನ ಹುಡುಗರಿಗೆ ಇದು ನಾಟಕದ ಥರ ಕಾಣುತ್ತದೆ. ನಮ್ಮಪ್ಪನಿಗೆ ಹಾಗೆ ಕಾಣಲಿಲ್ಲ. ಅವರು ದುಡಿದದ್ದು ಇಲ್ಲೇ, ಐಟಿಐ ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ. 1948ರಲ್ಲಿ ಶುರುವಾದ ಆ ಕಾರ್ಖಾನೆಯಿಂದಲೇ ನಮ್ಮ ಏರಿಯಾಕ್ಕೆ ದೂರವಾಣಿನಗರ ಅಂತ ಹೆಸರು ಬಂತು. ದೇಶದ ಎಷ್ಟೋ ಎಕ್ಸ್‌ಚೇಂಜ್‌ಗಳಿಗೆ ಸ್ಟ್ರೋಜರ್ ಅನ್ನುವ, ಕಾಲ್ ತಾನಾಗಿ ಜೋಡಿಸುವ ಉಪಕರಣ ಇಲ್ಲಿಂದಲೇ ಹೋಗಿದ್ದು. ಸಿನಿಮಾ ಅಂದರೆ ರಾಜ್‌ಕುಮಾರ್ ಅನ್ನುವ ಮನುಷ್ಯ, ಈ ದೃಶ್ಯ ಬಂದಾಗ ದಿವಾನ್ ಮೇಲಿಂದ ಎದ್ದು ಕೂತರು. ‘ನಿಲ್ಸಮ್ಮ, ನಿಲ್ಸು. ಇದು ನಮ್ಮ ಸ್ಟ್ರೋಜರ್ ಥರಾನೇ ಇದೆಯಲ್ಲೇ!’

ಅಪ್ಪ ವಿವರಿಸಿದ್ದು ಹೀಗೆ. ನೀವು ಡಯಲ್‌ನಲ್ಲಿ ಒಂದು ಅಂಕಿ ತಿರುಗಿಸಿದರೆ ಎಕ್ಸ್‌ಚೇಂಜ್‌ನಲ್ಲಿ ಒಂದು ಸೆಲೆಕ್ಟರ್ ಅಷ್ಟು ಮೆಟ್ಟಿಲು ಮೇಲಕ್ಕೆ ಹತ್ತಿ, ಅಡ್ಡಕ್ಕೆ ಸರಿದು, ಖಾಲಿ ಇರುವ ದಾರಿ ಹಿಡಿಯುತ್ತದೆ. ಮೇಲಕ್ಕೆ ಹತ್ತು ಮಟ್ಟ, ಅಡ್ಡಕ್ಕೆ ಹತ್ತು ಜಾಗ. ಮುಂದಿನ ಅಂಕಿಗೆ ಇನ್ನೊಂದು ರ‍್ಯಾಕಿನ ಇನ್ನೊಂದು ಸೆಲೆಕ್ಟರ್. ಹೀಗೆ ಒಂದು ಕಾಲ್ ಅಂದರೆ ರ‍್ಯಾಕಿನಿಂದ ರ‍್ಯಾಕಿಗೆ ಲೋಹ ಲೋಹವನ್ನು ಮುಟ್ಟಿಕೊಂಡು ನಿಂತ ಒಂದು ದಾರಿ. ಯಾರು ಫೋನ್ ಮಾಡಿದ್ದು ಅಂತ ಕಂಡುಹಿಡಿಯಬೇಕಾದರೆ ಆ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು, ಕೊನೆಯ ಸೆಲೆಕ್ಟರಿನಿಂದ ಮೊದಲನೆಯದಕ್ಕೆ. ‘ಅವನು ಫೋನ್ ಇಟ್ಟ ಅಂದ್ರೆ ಮುಗೀತು. ಟಪ್ ಅಂತ ಎಲ್ಲ ಕೆಳಗೆ ಬೀಳುತ್ತೆ. ಗುರುತೇ ಇರಲ್ಲ.’ ಅದಕ್ಕೇ ಗ್ರಹಾಂ ಓಡುತ್ತಾನೆ, ಅದಕ್ಕೇ ಜೆಸ್ ಆ ಹೊಲಸು ಮಾತು ಕೇಳಿಸಿಕೊಂಡು ರಿಸೀವರ್ ಹಿಡಿದಿರಬೇಕು. ಇಲ್ಲಿ ಸಮಯ ಅಂದರೆ ಗಡಿಯಾರದ ಮುಳ್ಳಲ್ಲ, ಆ ಸೆಲೆಕ್ಟರ್ ಕೆಳಗೆ ಬೀಳದೆ ನಿಂತಿರುವಷ್ಟು ಹೊತ್ತು.

ಇದನ್ನು ಕಂಡುಹಿಡಿದ ಆಲ್ಮನ್ ಸ್ಟ್ರೋಜರ್ ಕಾನ್ಸಸ್ ಸಿಟಿಯಲ್ಲಿ ಹೆಣ ಸಾಗಿಸುವ, ಅಂತ್ಯಕ್ರಿಯೆ ಮಾಡಿಸುವ ವ್ಯಾಪಾರದವನು. ತನಗೆ ಬರಬೇಕಾದ ಗಿರಾಕಿಗಳ ಕಾಲನ್ನು ಆಪರೇಟರ್ ಪೈಪೋಟಿಯವನಿಗೆ ತಿರುಗಿಸುತ್ತಿದ್ದಾಳೆ ಅನ್ನುವ ಸಿಟ್ಟಿಗೆ ಆಪರೇಟರೇ ಬೇಡದ ಯಂತ್ರ ಮಾಡಿದ ಅನ್ನುವುದು ಕಥೆ. 1891ರಲ್ಲಿ ಪೇಟೆಂಟ್ ಸಿಕ್ಕಿತು. ಹಾರರ್ ಸಿನಿಮಾಕ್ಕೆ ಇದಕ್ಕಿಂತ ಒಳ್ಳೆಯ ಫೋನ್ ಎಲ್ಲಿ ಸಿಗಬೇಕು.

ಕೊನೆಗೆ ದಾರಿ ಸಿಗುತ್ತದೆ. ಕಾಲ್ ಬರುತ್ತಿರುವುದು ಅದೇ ಮನೆಯ ಒಳಗಿನಿಂದ. ಇದು ಹೇಗೆ ಸಾಧ್ಯ ಅಂತ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಉತ್ತರ ಸಿನಿಮಾದಲ್ಲೇ ಇದೆ: ಮಿಸೆಸ್ ಮ್ಯಾಕ್‌ಗೆ ಬೇರೆಯದೇ ಲೈನು, ಬೇರೆಯದೇ ನಂಬರು ಇದೆ. ಒಂದೇ ಮನೆ, ಎರಡು ಲೈನು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು, ಅಲ್ಲಿಯವರೆಗೆ ವಿಸಿಟಿಂಗ್ ಕಾರ್ಡಿನಲ್ಲಿ ಪಕ್ಕದ ಮನೆಯ ಪಿ.ಪಿ. ನಂಬರ್ ಹಾಕಿಕೊಳ್ಳುತ್ತಿದ್ದ ನಮ್ಮಪ್ಪನ ಕಾಲದವರಿಗೆ ಕೊಲೆಗಿಂತ ಇದೇ ಆಶ್ಚರ್ಯ. ‘ಒಂದು ಮನೆಗೆ ಎರಡು ಕನೆಕ್ಷನ್ ಕೊಟ್ಟಿದ್ರಾ?’

ಕೊಲೆಗಾರ ಯಾರು ಅಂತ ಸಿನಿಮಾ ಹೇಳುವುದೇ ಇಲ್ಲ. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಾಣುತ್ತದೆ, ಅಷ್ಟೇ. ‘ಬಿಲ್ಲಿ’, ‘ಆಗ್ನೆಸ್’ ಅನ್ನುವ ಹೆಸರುಗಳು ಫೋನಿನಲ್ಲಿ ಕೇಳಿಸುತ್ತವೆ. ಯಾರವರು, ಏನಾಯಿತು, ಗೊತ್ತಿಲ್ಲ. ಪೊಲೀಸರು ತಪ್ಪು ಮನುಷ್ಯನನ್ನು ಕೊಲೆಗಾರ ಅಂದುಕೊಂಡು ಕೇಸು ಮುಗಿಸುತ್ತಾರೆ. ಅಟ್ಟದಲ್ಲಿ ಪ್ಲಾಸ್ಟಿಕ್ ಸುತ್ತಿದ, ಅದೇ ಮನೆಯ ಹುಡುಗಿ ಕ್ಲೇರ್‌ಳ ಹೆಣ ಕಿಟಕಿಯ ಪಕ್ಕ ಕುರ್ಚಿಯಲ್ಲೇ ಕೂತಿದೆ. ಫೋನ್ ಹೊಡೆದುಕೊಳ್ಳುತ್ತದೆ. ಸಿನಿಮಾ ಮಾಡಿದವರ ಹೆಸರುಗಳು ಪರದೆಯ ಮೇಲೆ ಬರಲು ಶುರುವಾದ ಕೂಡಲೇ ರಿಮೋಟ್ ಒತ್ತುವವರನ್ನು ತಡೆಯಿರಿ. ಆ ರಿಂಗ್ ನಿಲ್ಲುವವರೆಗೆ ಸಿನಿಮಾ ಮುಗಿದಿಲ್ಲ.

ಚರ್ಚೆ ಬಂದೇ ಬರುತ್ತದೆ. ಜೆಸ್ ಗರ್ಭಿಣಿ, ತೆಗೆಸಬೇಕು ಅಂತ ತೀರ್ಮಾನಿಸಿದ್ದಾಳೆ. ಬಾಯ್‌ಫ್ರೆಂಡ್ ಪೀಟರ್ ಒಪ್ಪುವುದಿಲ್ಲ, ಪಿಯಾನೊ ಒಡೆದು ಹಾಕುತ್ತಾನೆ. ಸಿನಿಮಾ ಅವಳನ್ನು ಕೆಟ್ಟವಳು ಅನ್ನುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿನ ತೀರ್ಪು ಕೊಟ್ಟಿದ್ದು 1973ರಲ್ಲಿ. ನಮ್ಮಲ್ಲಿ ಗರ್ಭಪಾತಕ್ಕೆ ಅವಕಾಶ ಕೊಟ್ಟ ಎಂಟಿಪಿ ಕಾಯ್ದೆ ಬಂದಿದ್ದು 1971ರಲ್ಲಿ. ‘ಅವ್ರು ನಮಗಿಂತ ಮುಂದಿದ್ರು’ ಅನ್ನುವ ಚಿಕ್ಕಪ್ಪಂದಿರಿಗೆ ಈ ವರ್ಷ ಹೇಳಿ ನೋಡಿ.

ಎರಡನೇ ರಾತ್ರಿ: 2006

ಇವತ್ತು ಟ್ರೈಲರ್ ನೋಡಬೇಡಿ. ಅದರಲ್ಲಿರುವ ಕೆಲವು ದೃಶ್ಯಗಳು ಸಿನಿಮಾದಲ್ಲೇ ಇಲ್ಲ. ಸಿನಿಮಾಕ್ಕೂ ಒಂದಕ್ಕಿಂತ ಹೆಚ್ಚು ಕಟ್ ಇವೆ, ಕ್ಲೈಮ್ಯಾಕ್ಸ್ ಕೂಡ ಬೇರೆ ಬೇರೆ. ಗೆಳತಿ ನೋಡಿದ್ದು ಒಂದು, ನೀವು ನೋಡಿದ್ದು ಇನ್ನೊಂದು ಅಂತಾದರೆ ಜಗಳ ಆಡಬೇಡಿ, ಇಬ್ಬರೂ ಸರಿ ಇರಬಹುದು.

ನಿರ್ದೇಶಕ ಗ್ಲೆನ್ ಮಾರ್ಗನ್. ಬಾಬ್ ಕ್ಲಾರ್ಕ್ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆಗಿದ್ದ, ಅಂದರೆ ಅಸಲಿಯವನ ಒಪ್ಪಿಗೆ ಇತ್ತು. ಅಮೆರಿಕದಲ್ಲಿ ಬಿಡುಗಡೆ ಮಾಡಿದ್ದು ಸರಿಯಾಗಿ ಡಿಸೆಂಬರ್ 25ಕ್ಕೆ. ಕ್ರೈಸ್ತ ಸಂಘಟನೆಗಳು ಸಿಟ್ಟಾದವು, ಆಗದೆ ಇರುತ್ತಾರಾ. ಕ್ಲಾರ್ಕ್ 2007ರ ಏಪ್ರಿಲ್‌ನಲ್ಲಿ ಕಾರ್ ಅಪಘಾತದಲ್ಲಿ ತೀರಿಕೊಂಡ.

ನೋಡುವ ಮೊದಲು ಒಂದು ಪಂದ್ಯ ಕಟ್ಟಿ: ನಿನ್ನೆಯ ಸಿನಿಮಾದ ಒಬ್ಬರು ಇವತ್ತೂ ಇದ್ದಾರೆ, ಯಾರು? ಆಂಡ್ರಿಯಾ ಮಾರ್ಟಿನ್. 1974ರಲ್ಲಿ ಕನ್ನಡಕ ಹಾಕಿದ್ದ ವಿದ್ಯಾರ್ಥಿನಿ ಫಿಲ್, ಇಲ್ಲಿ ಹೌಸ್ ಮದರ್. ಗೆದ್ದವರಿಗೆ ಬೇಕರಿಯ ದಿಲ್‌ಪಸಂದ್ ಇನ್ನೊಂದು ತುಂಡು.

ಈ ಸಿನಿಮಾದ ಕಷ್ಟ ಏನೆಂದರೆ, ಇದು ಎಲ್ಲವನ್ನೂ ಹೇಳಿಬಿಡುತ್ತದೆ. ನಿನ್ನೆ ಬರೀ ಒಂದು ಹೆಸರಾಗಿದ್ದ ಬಿಲ್ಲಿಗೆ ಇವತ್ತು ಮುಖ ಇದೆ, ಕಾಮಾಲೆ ಹಳದಿಯ ಚರ್ಮ ಇದೆ, ಹಿಂಸೆ ಕೊಟ್ಟ ತಾಯಿ ಇದ್ದಾಳೆ. ಆಗ್ನೆಸ್‌ಗೂ ಕಥೆ ಇದೆ. ಹುಡುಗಿಯರ ಮನೆಯೇ ಅವನು ಬೆಳೆದ ಮನೆ. ಅರ್ಧ ಸಿನಿಮಾ ಫ್ಲ್ಯಾಶ್‌ಬ್ಯಾಕಿಗೇ ಹೋಗುತ್ತದೆ. ಬಿಲ್ಲಿ ತನ್ನ ತಾಯಿಯನ್ನು ಕೊಂದು, ಮೈಯ ಚರ್ಮವನ್ನು ಬಿಸ್ಕೆಟ್ ಅಚ್ಚಿನಲ್ಲಿ ಕತ್ತರಿಸಿ ಬೇಯಿಸಿ ಹಾಲಿನ ಜೊತೆ ತಿನ್ನುತ್ತಾನೆ. ಬಿಸ್ಕೆಟ್ ಯಾಕೆ ಬೇಡ ಅಂದೆ ಅಂತ ಈಗ ಗೊತ್ತಾಯಿತಲ್ಲ. ಕಣ್ಣುಗುಡ್ಡೆ ಕೀಳುವುದೂ ಇದೆ, ಒಂದು ಸಲ ಅಲ್ಲ. ಕಣ್ಣಿನ ಆಪರೇಷನ್ ಆಗಿರುವ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.

ಹಾಗಂತ ಸುಮ್ನೆ ಬೈದು ಕಳಿಸುವ ಸಿನಿಮಾ ಅಲ್ಲ. ಬೆಳಕು ನೋಡಿ. ಸೀರಿಯಲ್ ಸೆಟ್ಟಿನ ಕೆಂಪು, ಹಸಿರು ಬೆಳಕು ಗೋಡೆಯ ಸಂದಿಯೊಳಗೆಲ್ಲ ಹರಿಯುತ್ತದೆ, ಇಡೀ ಮನೆ ಜಾತ್ರೆ ಅಂಗಡಿಯಾಗಿದೆ. ಚೂಪು ಮಾಡಿದ ಕ್ಯಾಂಡಿ ಕೇನ್ ಕೂಡ ಆಯುಧವೇ. ಹಬ್ಬದ ಒಂದೊಂದು ಸಾಮಾನನ್ನೂ ಕೊಲೆಗೆ ಹಚ್ಚಿದ್ದಾರೆ. ಮೇರಿ ಎಲಿಜಬೆತ್ ವಿನ್‌ಸ್ಟೆಡ್, ಮಿಶೆಲ್ ಟ್ರಾಕ್ಟೆನ್‌ಬರ್ಗ್, ಕೇಟಿ ಕ್ಯಾಸಿಡಿ, ಲೇಸಿ ಶಬೇರ್, ಎಲ್ಲ ಒಂದೇ ಮನೆಯಲ್ಲಿ. ಹಾಸ್ಯ ಅಂತ ನೋಡಿದರೆ ಚೆನ್ನಾಗಿದೆ, ನಾನು ಹಾಗೇ ನೋಡುವುದು.

ಫೋನಿಗೆ ಬನ್ನಿ. ಮೊಬೈಲ್ ಬಂದ ಮೇಲೆ ಟ್ರೇಸ್ ಮಾಡುವ ಓಟ ಇಲ್ಲ, ನಂಬರ್ ಪರದೆಯ ಮೇಲೇ ಬರುತ್ತದೆ. ಹಾಗಾದರೆ ಭಯ ಎಲ್ಲಿಂದ ತರುವುದು? ಇವರು ಕಂಡುಕೊಂಡ ದಾರಿ ಚೆನ್ನಾಗಿದೆ. ಮನೆಯ ಹುಡುಗಿಯರಲ್ಲಿ ಒಬ್ಬಳಾದ ಡೇನಾ ಕಾಣೆಯಾದ ಮೇಲೆ ಅವಳ ಮೊಬೈಲಿನಿಂದಲೇ ಕಾಲ್ ಬರುತ್ತದೆ. ಹೆಸರು ಗೆಳತಿಯದ್ದು, ಫೋನ್ ಹಿಡಿದ ಕೈ ಬೇರೆಯವರದ್ದು. ಈ ದೃಶ್ಯವನ್ನು ಒಮ್ಮೆ ನಿಲ್ಲಿಸಿ, ನಿನ್ನೆಯ ಗ್ರಹಾಂನ ಓಟ ನೆನಪಿಸಿಕೊಳ್ಳಿ. ಅಲ್ಲಿ ನಂಬರ್ ಗೊತ್ತಿಲ್ಲ ಅನ್ನುವುದು ಭಯ. ಇಲ್ಲಿ ಗೊತ್ತಿರುವ ಹೆಸರೇ ಭಯ. ಇದೊಂದನ್ನು ಹಿಡಿದು ಬೆಳೆಸಿದ್ದರೆ ಒಳ್ಳೆಯ ರೀಮೇಕ್ ಆಗುತ್ತಿತ್ತು. ಬಿಲ್ಲಿಯ ಬಾಲ್ಯ ತೋರಿಸುವ ಅವಸರದಲ್ಲಿ ಅದನ್ನು ಅಲ್ಲೇ ಬಿಟ್ಟಿದ್ದಾರೆ.

ಮೂರನೇ ರಾತ್ರಿ: 2019

ಈ ರಾತ್ರಿ ಜನ ಕಡಿಮೆ ಬರುತ್ತಾರೆ. ಪರವಾಗಿಲ್ಲ. 92 ನಿಮಿಷ. ನಿರ್ದೇಶಕಿ ಸೋಫಿಯಾ ಟಕಾಲ್, ಜೊತೆಗೆ ಬರೆದವಳು ಏಪ್ರಿಲ್ ವುಲ್ಫ್, ನಿರ್ಮಾಣ ಬ್ಲಮ್‌ಹೌಸ್. 2019ರ ಜೂನ್‌ನಲ್ಲಿ ಘೋಷಣೆ ಮಾಡಿ ಡಿಸೆಂಬರ್ 13ರ ಶುಕ್ರವಾರ ಬಿಡುಗಡೆಯೂ ಮಾಡಿಬಿಟ್ಟರು. ಶೂಟಿಂಗ್‌ಗೆ ನ್ಯೂಜಿಲೆಂಡ್‌ಗೆ ಹೋದರು, ಅಲ್ಲಿ ಆಗ ಚಳಿಗಾಲ. ಅಮೆರಿಕದಲ್ಲಿ ಪಿಜಿ-13 ಸರ್ಟಿಫಿಕೇಟ್, ಹಾಗಾಗಿ ರಕ್ತ ಕಡಿಮೆ. ರಕ್ತ ಇಲ್ಲದ್ದಕ್ಕೇ ಹಾರರ್ ಹುಡುಗರು ಇದನ್ನು ಬೈದರು. ಹದಿಹರೆಯದ ಹುಡುಗಿಯರೂ ನೋಡುವಂತಿರಲಿ ಅನ್ನುವುದು ನಿರ್ದೇಶಕಿಯ ಆಸೆಯಾಗಿತ್ತು.

ಕೂರುವ ಮೊದಲು ಜೊತೆಗಿರುವವರಿಗೆ ಹೇಳಿಬಿಡಿ: ಕಥೆಯ ನಡುವೆ ಲೈಂಗಿಕ ದೌರ್ಜನ್ಯದ ವಿಷಯ ಇದೆ. ಇಮೊಜೆನ್ ಪೂಟ್ಸ್ ಮಾಡಿರುವ ರೈಲಿ ಅನ್ನುವ ಹುಡುಗಿಗೆ ಫ್ರಾಟರ್ನಿಟಿಯ, ಅಂದರೆ ಕಾಲೇಜು ಹುಡುಗರ ಕ್ಲಬ್ಬಿನ ಒಬ್ಬ ಹುಡುಗ ಅನ್ಯಾಯ ಮಾಡಿದ್ದಾನೆ, ಅವಳ ಮಾತನ್ನು ಯಾರೂ ನಂಬಿಲ್ಲ. ಇದನ್ನು ‘ಹಾರರ್ ಅಲ್ವಾ, ಬನ್ನಿ ಮಜಾ ಮಾಡೋಣ’ ಅಂತ ಕರೆದು ತೋರಿಸುವುದು ಸರಿಯಲ್ಲ.

1974ರ ಕಥೆ ಹುಡುಕಬೇಡಿ, ಸಿಗುವುದಿಲ್ಲ. ಬಿಲ್ಲಿ ಇಲ್ಲ, ಅಟ್ಟದ ಹುಚ್ಚ ಇಲ್ಲ. ಇರುವುದು ಹಾಥಾರ್ನ್ ಕಾಲೇಜು, ಅದರ ಸ್ಥಾಪಕನ ಮೂರ್ತಿ, ಮೂರ್ತಿಯಿಂದ ಸುರಿಯುವ ಕಪ್ಪು ರಸ, ಅದಕ್ಕೆ ತಲೆ ಕೊಟ್ಟ ಗಂಡು ಹುಡುಗರು. ಹುಡುಗಿಯರಿಗೆ ಮೆಸೇಜ್ ಬರುವುದು ಸತ್ತುಹೋದ ಆ ಸ್ಥಾಪಕ ಕ್ಯಾಲ್ವಿನ್ ಹಾಥಾರ್ನ್‌ನ ಹೆಸರಿನಿಂದ. ಇಲ್ಲೂ ಫೋನನ್ನೇ ನೋಡಿ. ದನಿಯೇ ಇಲ್ಲ. ಗುರುಗುಟ್ಟುವುದಿಲ್ಲ, ಅಳುವುದಿಲ್ಲ. ಹೆಸರಿದೆ, ಫೋಟೊ ಇದೆ, ಮನುಷ್ಯ ಇಲ್ಲ. ಫೇಕ್ ಅಕೌಂಟಿನಿಂದ ‘ಹಾಯ್ ಡಿಯರ್’ನಿಂದ ಶುರುವಾಗಿ ಬೈಗುಳಕ್ಕೆ ಇಳಿಯುವ ಮೆಸೇಜ್ ನೋಡದ ಹುಡುಗಿ ನಮ್ಮ ಊರಲ್ಲೂ ಕಡಿಮೆ. ಅವರಿಗೆ ಇದನ್ನು ವಿವರಿಸುವುದು ಬೇಕಿಲ್ಲ.

ಒಂದು ದೃಶ್ಯ ಮಾತ್ರ ಮೂರೂ ಸಿನಿಮಾ ಸೇರಿಸಿದರೂ ನನ್ನ ಪಟ್ಟಿಯಲ್ಲಿ ಮೇಲಿದೆ. ಫ್ರಾಟರ್ನಿಟಿಯ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ನಾಲ್ಕು ಹುಡುಗಿಯರು ಸಾಂಟಾ ಬಟ್ಟೆ ಹಾಕಿ ಕುಣಿಯುತ್ತಾರೆ. ಎಲ್ಲರಿಗೂ ಗೊತ್ತಿರುವ ಹಬ್ಬದ ಹಾಡಿನ ಧಾಟಿ, ಮಾತು ಮಾತ್ರ ಬೇರೆ: ಈ ಮನೆಯಲ್ಲಿ ಏನು ನಡೆಯಿತು, ಯಾರು ಮಾಡಿದರು. ರೈಲಿ ಮೊದಲು ತಡವರಿಸುತ್ತಾಳೆ, ಆಮೇಲೆ ಅವನನ್ನೇ ನೋಡಿಕೊಂಡು ಹಾಡುತ್ತಾಳೆ. ಹುಡುಗರ ನಗು ಒಂದೊಂದಾಗಿ ನಿಲ್ಲುತ್ತದೆ. 1974ರಲ್ಲಿ ಹಬ್ಬದ ಹಾಡು ಹೆಣ್ಣಿನ ದನಿಯನ್ನು ಮುಚ್ಚಿಹಾಕಿತ್ತು. ಇಲ್ಲಿ ಅದೇ ಥರದ ಹಾಡಿನಿಂದ ಅವಳು ಮಾತಾಡುತ್ತಾಳೆ.

2006ರ ರೀಮೇಕನ್ನು ಅಮೆರಿಕಕ್ಕೆ ತಂದದ್ದು ವೈನ್‌ಸ್ಟೀನ್ ಸೋದರರ ಡೈಮೆನ್ಶನ್. 2017ರಲ್ಲಿ ಹಾರ್ವೆ ವೈನ್‌ಸ್ಟೀನ್ ಮೇಲಿನ ಆರೋಪಗಳು ಹೊರಬಂದು ಮೀಟೂ ಎದ್ದಿತು. ಎರಡು ವರ್ಷಕ್ಕೆ ಈ ಸಿನಿಮಾ. ಸಿಟ್ಟು ಎಲ್ಲಿಂದ ಬಂತು ಅಂತ ಕೇಳಬೇಕಿಲ್ಲ. ಸಿಟ್ಟು ಸರಿಯಾಗಿದೆ, ಕ್ಲೈಮ್ಯಾಕ್ಸ್ ಸರಿಯಾಗಿಲ್ಲ. ಕಪ್ಪು ರಸವೇ ಹುಡುಗರನ್ನು ಕೆಡಿಸಿತು ಅಂದಮೇಲೆ ಹುಡುಗರ ತಪ್ಪು ಏನು ಉಳಿಯಿತು? ಕ್ಯಾರಿ ಎಲ್ವೆಸ್ ಮೇಷ್ಟ್ರಾಗಿ ಭಾಷಣ ಬಿಗಿಯುವಾಗ ಕಾಫಿಗೆ ನೀರಿಡಿ, ಏನೂ ತಪ್ಪುವುದಿಲ್ಲ.

ಹೋಲಿಸುವಾಗ ಅಸಲಿಯ ಯಾವ ದೃಶ್ಯ ಇಲ್ಲಿದೆ ಅಂತ ಪಟ್ಟಿ ಮಾಡಬೇಡಿ. ಅಸಲಿಯಲ್ಲಿ ಗೊತ್ತಾಗದೆ ಉಳಿದ ಯಾವ ವಿಷಯವನ್ನು ಇವರು ಗೊತ್ತುಪಡಿಸಿದರು, ಅದರಿಂದ ಭಯ ಹೆಚ್ಚಿತಾ, ಇಳಿಯಿತಾ ಅಂತ ಕೇಳಿಕೊಳ್ಳಿ. 2006ರದ್ದಕ್ಕೆ ನನ್ನ ಉತ್ತರ ಇಳಿಯಿತು. 2019ರದ್ದಕ್ಕೆ, ಮೊದಲರ್ಧದಲ್ಲಿ ಹೆಚ್ಚಿತು, ಮೂರ್ತಿ ಬಂದ ಮೇಲೆ ಇಳಿಯಿತು.

ನಾಲ್ಕನೇ ರಾತ್ರಿ ಬೇಕು ಅನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರಿಗೆ 1984ರ ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ ಮತ್ತು ಅದರ 2012ರ ರೀಮೇಕ್ ‘ಸೈಲೆಂಟ್ ನೈಟ್’ ಕೊಡಿ. ಮೊದಲನೆಯದರಲ್ಲಿ ಸಾಂಟಾ ಬಟ್ಟೆಯ ಕೊಲೆಗಾರನನ್ನು ನೋಡಿ ಅಮೆರಿಕದ ತಂದೆ ತಾಯಂದಿರು ಬೀದಿಗಿಳಿದು, ಕಂಪನಿ ಸಿನಿಮಾವನ್ನು ಥಿಯೇಟರ್‌ಗಳಿಂದ ವಾಪಸ್ ತೆಗೆದುಕೊಂಡಿತ್ತು. ಎರಡನೆಯದರಲ್ಲಿ ಮಾಲ್ಕಂ ಮೆಕ್‌ಡೊವೆಲ್ ಶೆರಿಫ್. ಅದಕ್ಕೆ ನಿಪ್ಪಟ್ಟು, ಚಿಪ್ಸ್, ಕಾಂಗ್ರೆಸ್ ಕಡಲೆಬೀಜ ಎಲ್ಲ ನಡೆಯುತ್ತದೆ. ಬಿಸ್ಕೆಟ್ ಕೂಡ.